ಹೊರದೇಶದ ಹೋಟೆಲುಗಳಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಉಣ್ಣುವುದು ಹೇಗೆ?

ವಿದ್ಯಾನಗರದ ಮಗಳು (ದಾವಣಗೆರೆ, ಸದ್ಯ ಮ್ಯೂನಿಕ್)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಬೆಳೆದವಳು. ಕೆಲಸದ ನಿಮಿತ್ತ ಮೂರು ವರ್ಷಗಳಿಂದ ಪತಿ ಮತ್ತು ಮಕ್ಕಳೊಂದಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಒಂದು ತಿಂಗಳ ರಜೆಗೆಂದು ಊರಿಗೆ ಬಂದಿದ್ದೇನೆ. ಹಿಂದಿರುಗುವ ಮೊದಲು ನಿಮ್ಮೆಲ್ಲರನ್ನು ಒಂದು ವಿಷಯ ಕೇಳಬೇಕೆನಿಸಿದೆ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ನಾವು ಮನೆಯ ಸಮೀಪದ ರೆಸ್ಟೋರೆಂಟ್ ಒಂದಕ್ಕೆ ಮಧ್ಯಾಹ್ನದ ಊಟಕ್ಕೆ ಹೋಗಿದ್ದೆವು. ಕುಳಿತು ಹದಿನೈದು ನಿಮಿಷಕ್ಕೆ ಮೆನು ಬಂತು, ಮತ್ತೆ ಹತ್ತು ನಿಮಿಷಕ್ಕೆ ಕುಡಿಯಲು ಏನು ಬೇಕೆಂದು ಕೇಳಿದರು, ಊಟದ ತಟ್ಟೆ ಬರುವಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಅಷ್ಟರೊಳಗೆ ಮಗ ಎರಡು ಸಲ ಮೇಜಿನಡಿ ನುಸುಳಿ ಬಂದಿದ್ದ, ಮಗಳು ನೀರಿನ ಗಾಜಿನ ಲೋಟವನ್ನು ನೆಲಕ್ಕೆ ಕೆಡವಿದ್ದಳು. ಪಕ್ಕದಲ್ಲಿದ್ದ ವೃದ್ಧ ದಂಪತಿ ಒಂದು ಮಾತೂ ಆಡದೆ ತಮ್ಮ ತಟ್ಟೆಗಳನ್ನೆತ್ತಿಕೊಂಡು ದೂರದ ಮೇಜಿಗೆ ಹೋಗಿ ಕುಳಿತರು. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಮೌನಕ್ಕೆ ಏನೆಂದು ಕ್ಷಮೆ ಕೇಳುವುದು? ನಾವು ಕೇಳುವ ಮೊದಲೇ ಬಿಲ್ಲೂ ಬಂತು. ಅಂದಿನಿಂದ ಮಕ್ಕಳನ್ನು ಕರೆದುಕೊಂಡು ನಾವು ಅಲ್ಲಿ ಹೊರಗೆ ಉಂಡಿಲ್ಲ.

ನಿನ್ನೆ ಬೆಳಿಗ್ಗೆ ಅದೇ ಮಕ್ಕಳು ಪಿ.ಜೆ. ಬಡಾವಣೆಯ ಕಡೆಯ ಬೆಣ್ಣೆದೋಸೆ ಹೋಟೆಲೊಂದರಲ್ಲಿ ಬೆಂಚಿನ ಮೇಲೆ ಕುಳಿತು, ಬಿಳಿ ಆಲೂಗಡ್ಡೆ ಪಲ್ಯದಲ್ಲಿ ಖಾಲಿ ದೋಸೆಯನ್ನು ಅದ್ದಿಕೊಂಡು, ತಕರಾರಿಲ್ಲದೆ ತಿಂದು ಎದ್ದರು. ಮಗಳು ಒಮ್ಮೆ ಅತ್ತಾಗ ಸಪ್ಲೈಯರ್ ಹುಡುಗ ಅವಳನ್ನು ಎತ್ತಿಕೊಂಡು ಹೋಗಿ ಹಂಚಿನ ಮೇಲೆ ದೋಸೆ ಹುಯ್ಯುವುದನ್ನು ತೋರಿಸಿದ. ನಮ್ಮ ಅತ್ತೆಯವರ ತೀರ್ಮಾನ ಸರಳವಾಗಿದೆ: "ಹುಡುಗರು ನೆಟ್ಟಗೇ ಇದಾವೆ, ಆ ದೇಶಾನೇ ನೆಟ್ಟಗಿಲ್ಲ." ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಪೂರ್ತಿ ತಳ್ಳಿಹಾಕಲೂ ಆಗುತ್ತಿಲ್ಲ. ಹೊರದೇಶದಲ್ಲಿರುವ ನಮ್ಮ ಜಿಲ್ಲೆಗಳವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಹೊಂಡದ ಸರ್ಕಲ್ ಅಜ್ಜಿ (ದಾವಣಗೆರೆ)

ಮನೆಯಲ್ಲೇ ಮೆತ್ತಗಿನ ಅನ್ನಕ್ಕೆ ತುಪ್ಪ ಹಾಕಿ ಹೊಟ್ಟೆ ತುಂಬ ಉಣ್ಣಿಸಿ ಕರೆದುಕೊಂಡು ಹೋಗಬೇಕಮ್ಮ. ಹಸಿದ ಮಗುವನ್ನು ಮದುವೆ ಮನೆಗೇ ಕರೆದೊಯ್ಯಬಾರದು, ಇನ್ನು ಹೋಟೆಲಿಗೆ ಕರೆದೊಯ್ಯುತ್ತಾರೆಯೇ?

ಹಂಚಿನ ಮುಂದೆ (ದಾವಣಗೆರೆ)

ನಮ್ಮ ಮನೆತನದ್ದು ಹೋಟೆಲ್ ವ್ಯವಹಾರ. ಗಲ್ಲಾದ ಮೇಲೆ ಕುಳಿತು ಮೂವತ್ತು ವರ್ಷಗಳಾಗುತ್ತ ಬಂದವು. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ. ತಾವು ನೋಡಿದ ವ್ಯತ್ಯಾಸವು ಜನರ ಸ್ವಭಾವಕ್ಕಿಂತ ಹೆಚ್ಚಾಗಿ ವೇಳೆಯದ್ದು. ದೋಸೆ ಹೋಟೆಲಿನಲ್ಲಿ ಹಂಚು ಬೆಳಗಿನಿಂದ ಕಾದೇ ಇರುತ್ತದೆ, ಹಿಟ್ಟು, ಪಲ್ಯ, ಚಟ್ನಿ ಎಲ್ಲವೂ ಸಿದ್ಧವಿರುತ್ತವೆ, ಒಮ್ಮೆಗೆ ಒಂದು ಸಾಲು ದೋಸೆ ಏಳುತ್ತದೆ. ಗಿರಾಕಿ ಬೇಗ ತಿಂದು ಎದ್ದರೆ ನಮಗೆ ಲಾಭ, ಏಕೆಂದರೆ ಅದೇ ಜಾಗದಲ್ಲಿ ಇನ್ನೊಬ್ಬರು ಕೂರುತ್ತಾರೆ. ಯುರೋಪಿನ ರೆಸ್ಟೋರೆಂಟುಗಳಲ್ಲಿ ಮೇಜನ್ನು ಒಂದು ಸಂಜೆಗೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೊಡುವ ಲೆಕ್ಕದಲ್ಲಿ ಬೆಲೆ ಇಟ್ಟಿರುತ್ತಾರೆ. ಆದ್ದರಿಂದ ನಿಧಾನವಾಗಿ ಬಡಿಸುವುದನ್ನು ಅವರು ಗಿರಾಕಿಗೆ ತೋರುವ ಮರ್ಯಾದೆ ಎಂದೇ ತಿಳಿಯುತ್ತಾರೆ. ಆ ಮರ್ಯಾದೆಯೇ ಎರಡು ವರ್ಷದ ಮಗುವಿಗೆ ಶಿಕ್ಷೆಯಾಗುತ್ತದೆ.

ಸಪ್ಲೈಯರ್ ಮಗುವನ್ನು ಎತ್ತಿಕೊಂಡದ್ದರಲ್ಲೂ ಪ್ರೀತಿಯ ಜೊತೆಗೆ ಸ್ವಲ್ಪ ವ್ಯವಹಾರವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಳುವ ಮಗುವಿನ ತಾಯಿ ನಿಧಾನವಾಗಿ ತಿನ್ನುತ್ತಾಳೆ.

ಕೋಟೆ ನಾಡಿನವನು (ಚಿತ್ರದುರ್ಗ, ಸದ್ಯ ಜಪಾನ್)

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪ. ಭಾನುವಾರ ಬೆಳಿಗ್ಗೆ ದಾವಣಗೆರೆಯ ಹೆಸರುವಾಸಿ ದೋಸೆ ಹೋಟೆಲುಗಳ ಮುಂದೆ ನಾನೂ ಅರ್ಧ ಗಂಟೆ ಕಾದವನು, ನನ್ನ ಜೊತೆ ಮಕ್ಕಳೂ ಕಾದಿವೆ. ಹಾಗಾದರೆ ಅಲ್ಲಿ ಅವು ಏಕೆ ರಂಪ ಮಾಡಲಿಲ್ಲ? ಕಾದದ್ದು ಹೊರಗೆ, ಬೀದಿಯಲ್ಲಿ, ಎಮ್ಮೆ, ಆಟೋ, ಬಲೂನು ಮಾರುವವನು ಇವರನ್ನೆಲ್ಲ ನೋಡುತ್ತ. ಒಳಗೆ ಕುಳಿತ ಮೇಲೆ ಕಾಯುವ ಪ್ರಸಂಗ ಬರಲಿಲ್ಲ. ಆದ್ದರಿಂದ ಕಷ್ಟವಿರುವುದು ಕಾಯುವುದರಲ್ಲಿ ಅಲ್ಲ, ಕುರ್ಚಿಗೆ ಕಟ್ಟಿ ಕಾಯಿಸುವುದರಲ್ಲಿ.

ಇದನ್ನು ಅರಿತ ಮೇಲೆ ನಾವು ಮಾಡಿಕೊಂಡ ಪದ್ಧತಿ ಹೀಗಿದೆ. ಒಬ್ಬರು ಒಳಗೆ ಹೋಗಿ ಕುಳಿತು ಆರ್ಡರ್ ಕೊಡುತ್ತೇವೆ, ಇನ್ನೊಬ್ಬರು ಮಗುವನ್ನು ಹೊರಗೆ ಓಡಾಡಿಸುತ್ತೇವೆ, ತಟ್ಟೆ ಮೇಜಿನ ಮೇಲೆ ಬಂದ ಮೇಲೆ ಫೋನ್ ಮಾಡಿ ಒಳಗೆ ಕರೆಯುತ್ತೇವೆ. ಮಗುವಿನ ತಿನಿಸನ್ನು ಮೊದಲು ತರಬೇಕೆಂದು ಆರ್ಡರ್ ಕೊಡುವಾಗಲೇ ಹೇಳುತ್ತೇವೆ.

ಜಪಾನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಕ್ಕಳ ಊಟವನ್ನು ಅಷ್ಟು ಮುತುವರ್ಜಿಯಿಂದ ನೋಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. 1930ರಲ್ಲಿ ಟೋಕಿಯೋದ ನಿಹೊಂಬಾಶಿಯಲ್ಲಿರುವ ಮಿತ್ಸುಕೋಶಿ ಮಳಿಗೆಯ ಊಟದ ಕೋಣೆಯಲ್ಲಿ ಮಕ್ಕಳಿಗೆಂದೇ ಒಂದು ತಟ್ಟೆ ಆರಂಭವಾಯಿತು. ಹಲವು ಬಗೆಯ ತಿನಿಸುಗಳನ್ನು ಸ್ವಲ್ಪ ಸ್ವಲ್ಪವಾಗಿ ಜೋಡಿಸಿ, ಗುಡ್ಡದಂತೆ ಮಾಡಿದ ಅನ್ನದ ತುದಿಗೆ ಒಂದು ಪುಟ್ಟ ಬಾವುಟ ಸಿಕ್ಕಿಸಿದ ಆ ತಟ್ಟೆ ಇಂದು 'ಒಕೊಸಾಮಾ ರಂಚಿ' ಎಂಬ ಹೆಸರಿನಲ್ಲಿ ದೇಶದ ಎಲ್ಲೆಡೆ ಸಿಗುತ್ತದೆ. ನನ್ನ ಮಗಳು ಅನ್ನ ತಿನ್ನುವುದು ಆ ಬಾವುಟವನ್ನು ಕೀಳುವುದಕ್ಕಾಗಿ. ಕೆಲವು ಹೋಟೆಲುಗಳಲ್ಲಿ ಚಾಪೆಯ ಮೇಲೆ ಕುಳಿತು ಉಣ್ಣುವ ಕೋಣೆಗಳಿರುತ್ತವೆ. ಪಾದರಕ್ಷೆ ಬಿಟ್ಟು, ತಗ್ಗು ಮೇಜಿನ ಮುಂದೆ ಪದ್ಮಾಸನ ಹಾಕಿ ಕುಳಿತರೆ ಮಗು ಬೀಳುವ ಭಯವಿಲ್ಲ, ನಮ್ಮ ಪಂಕ್ತಿಯ ನೆನಪೂ ಬರುತ್ತದೆ. ಒರೆಸಿಕೊಳ್ಳಲು ಒದ್ದೆ ಬಟ್ಟೆ ಮತ್ತು ಕುಡಿಯುವ ನೀರನ್ನು ಕೇಳದೆಯೇ ತಂದಿಡುತ್ತಾರೆ, ಟಿಪ್ಸ್ ಕೊಡುವ ರೂಢಿಯಿಲ್ಲ.

ಆದರೆ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಸೊಪ್ಪಿನ ಸಾರಿನಂತೆ ಕಾಣುವುದರಲ್ಲೂ 'ದಾಶಿ' ಎಂಬ ಮೀನಿನ ತಿಳಿಸಾರು ಇರುವುದೇ ಹೆಚ್ಚು. ಮಾಂಸ ಬೇಡ ಎಂದರೆ ಮೀನು ಬೇಡ ಎಂದು ಅವರಿಗೆ ತಿಳಿಯುವುದಿಲ್ಲ. ಎರಡನ್ನೂ ಬಿಡಿಸಿ ಹೇಳಬೇಕು.

ಜೋಗಿಮಟ್ಟಿ (ಚಿತ್ರದುರ್ಗ)

ನನ್ನ ಪ್ರಶ್ನೆ ಒರಟೆನಿಸಿದರೆ ಕ್ಷಮಿಸಿ. ಮಕ್ಕಳು ಚಿಕ್ಕವರಿರುವ ಮೂರು ನಾಲ್ಕು ವರ್ಷ ಹೊರಗೆ ಉಣ್ಣದಿದ್ದರೆ ಏನು ಕಳೆದುಹೋಗುತ್ತದೆ? ನಮ್ಮ ತಾಯಿ ತಂದೆಯರು ಹೋಟೆಲಿನ ಮೆಟ್ಟಿಲು ಹತ್ತಿದ್ದು ವರ್ಷಕ್ಕೊಮ್ಮೆ.

ಕುಂದುವಾಡ ಕೆರೆ ಏರಿ (ದಾವಣಗೆರೆ, ಸದ್ಯ ನ್ಯೂಜೆರ್ಸಿ)

ಜೋಗಿಮಟ್ಟಿಯವರೇ, ಊರಿನಲ್ಲಿ ಅಡುಗೆಗೆ ಅತ್ತೆ, ಮಗುವಿಗೆ ಅಜ್ಜ, ಬೇಸರಕ್ಕೆ ಪಕ್ಕದ ಮನೆ ಇರುತ್ತದೆ. ಹೊರದೇಶದಲ್ಲಿ ವಾರದ ಏಳು ದಿನವೂ ಎರಡೇ ಜೋಡಿ ಕೈಗಳು ಅಡುಗೆಯನ್ನೂ ಪಾತ್ರೆಯನ್ನೂ ಮಗುವನ್ನೂ ನೋಡಬೇಕು. ಒಂದು ಹೊತ್ತಿನ ಪಾತ್ರೆ ತಪ್ಪುವುದು ಎಂದರೇನೆಂಬುದು ಆ ತಾಯಿಗೇ ಗೊತ್ತು.

ಅಮೆರಿಕದಲ್ಲಿ ಈ ವಿಷಯ ಯುರೋಪಿಗಿಂತ ಸುಲಭ. ಕುಟುಂಬಗಳು ಬರುವ ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಮಗುವಿಗೆ ಎತ್ತರದ ಕುರ್ಚಿ, ಬಣ್ಣದ ಕ್ರೇಯಾನ್, ಚಿತ್ರ ಬಿಡಿಸುವ ಹಾಳೆ ಕುಳಿತ ಕೂಡಲೇ ಬರುತ್ತವೆ. ನಾವು ಸಂಜೆ ಐದಕ್ಕೇ ಹೋಗಿಬಿಡುತ್ತೇವೆ. ಆಗ ಅಡುಗೆಮನೆಗೆ ಬಿಡುವಿರುತ್ತದೆ, ಸುತ್ತಲೂ ನಮ್ಮಂಥ ಮಕ್ಕಳೊಂದಿಗರೇ ಇರುತ್ತಾರೆ. ಉಳಿದದ್ದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಳ್ಳಲು ಯಾರೂ ನಾಚುವುದಿಲ್ಲ. ಟಿಪ್ಸ್ ಮಾತ್ರ ಬಿಲ್ಲಿನ ನೂರಕ್ಕೆ 15ರಿಂದ 20ರಷ್ಟು ಕೊಡುವುದು ರೂಢಿ. ಮಕ್ಕಳು ನೆಲದ ಮೇಲೆ ಅನ್ನ ಚೆಲ್ಲಿದ ದಿನ ನಾವು ಅದಕ್ಕಿಂತ ಹೆಚ್ಚು ಇಟ್ಟು ಬರುತ್ತೇವೆ, ಮತ್ತು ದೊಡ್ಡ ಅಗುಳುಗಳನ್ನು ನಾವೇ ಆರಿಸಿ ತೆಗೆಯುತ್ತೇವೆ.

ಕಷ್ಟವೆಲ್ಲ ಇರುವುದು ಮಕ್ಕಳ ಮೆನುವಿನಲ್ಲಿ. ಅದು ಯಾವ ಹೋಟೆಲಿಗೆ ಹೋದರೂ ಒಂದೇ: ಕೋಳಿಯ ತುಣುಕು, ಚೀಸ್ ಹಾಕಿದ ಮ್ಯಾಕರೋನಿ, ಆಲೂಗಡ್ಡೆ ಫ್ರೈ. ಕೋಳಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆಯನ್ನೂ ಕರಿಯುವುದು ಸಾಮಾನ್ಯವಾದ್ದರಿಂದ ಕೇಳಿಯೇ ತರಿಸಬೇಕು. ಚೀಸ್ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ಇಟಲಿಯ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ ಎಂಬುದು ತಿಳಿದ ದಿನ ನಮ್ಮ ತಾಯಿಯವರು ಎರಡು ತಿಂಗಳು ತಿಂದ ಪಾಸ್ತಾವನ್ನೆಲ್ಲ ನೆನೆದು ತಲೆಗೆ ಸ್ನಾನ ಮಾಡಿದರು.

ಮಕ್ಕಳ ವೈದ್ಯೆ (ಚಿತ್ರದುರ್ಗ)

ನಡವಳಿಕೆಯ ಮಾತಿನ ನಡುವೆ ಸುರಕ್ಷತೆಯ ಮಾತು ಬರಲಿಲ್ಲವೆಂದು ಬರೆಯುತ್ತಿದ್ದೇನೆ. ಮಗುವನ್ನು ಸುಮ್ಮನಿರಿಸಲು ಚೀಲದಿಂದ ತೆಗೆದುಕೊಡುವ ತಿನಿಸುಗಳಲ್ಲೇ ಅಪಾಯ ಹೆಚ್ಚು. ಇಡೀ ಶೇಂಗಾ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಇವು ಐದು ವರ್ಷದೊಳಗಿನ ಮಕ್ಕಳ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ನಮ್ಮೂರಿನ ಖಾರ ಮಂಡಕ್ಕಿಯಲ್ಲಿ ಶೇಂಗಾ ಇರುತ್ತದೆಂಬುದನ್ನು ಮರೆಯಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಓಡಾಡುತ್ತ, ನಗುತ್ತ ತಿನ್ನುವ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಬ್ರೆಡ್ಡಿಗೆ ಸವರಿದ್ದೂ ಜೇನೇ.

ಕಡಲೆಬೀಜ, ಗೋಡಂಬಿ, ಎಳ್ಳು, ಹಾಲು ಇವುಗಳಲ್ಲಿ ಯಾವುದಾದರೂ ಮಗುವಿಗೆ ಒಗ್ಗದಿದ್ದರೆ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ನಿಮಗೆ ಕಾನೂನಿನ ಬೆಂಬಲವಿದೆ. 2014ರ ಡಿಸೆಂಬರಿನಿಂದ ಅಲ್ಲಿನ ಹೋಟೆಲುಗಳು 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಗಿರಾಕಿಗೆ ಒದಗಿಸಲೇಬೇಕು. ಅವುಗಳಲ್ಲಿ ಎಳ್ಳೂ ಸಾಸಿವೆಯೂ ಸೇರಿವೆ. ಜರ್ಮನಿಯ ಮೆನುಗಳಲ್ಲಿ ತಿನಿಸಿನ ಹೆಸರಿನ ಪಕ್ಕ ಸಣ್ಣ ಅಕ್ಷರ, ಅಂಕಿಗಳಲ್ಲಿ ಕಾಣುವ ಗುರುತುಗಳಲ್ಲಿ ಹಲವು ಇವುಗಳಿಗೆ ಸಂಬಂಧಪಟ್ಟವು. ಊರಿಗೆ ಬಂದಾಗ ಅಂಥ ಪಟ್ಟಿ ಸಿಗುವುದಿಲ್ಲವಾದ್ದರಿಂದ ಇಲ್ಲೇ ಹೆಚ್ಚು ಕೇಳಬೇಕು.

ಗಾಜಿನ ಮನೆ (ದಾವಣಗೆರೆ, ಸದ್ಯ ದುಬೈ)

ಇಷ್ಟೆಲ್ಲ ಏಕೆ? ನಾವು ಮೊಬೈಲ್ ಕೊಟ್ಟುಬಿಡುತ್ತೇವೆ. ಮಗುವೂ ತಿನ್ನುತ್ತದೆ, ನಾವೂ ತಿನ್ನುತ್ತೇವೆ, ಪಕ್ಕದವರೂ ತಿನ್ನುತ್ತಾರೆ.

ಮಕ್ಕಳ ವೈದ್ಯೆ (ಚಿತ್ರದುರ್ಗ)

ಒಂದೂವರೆ ವರ್ಷದ ಮಗುವಿಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯು ಎರಡು ವರ್ಷದೊಳಗಿನವರಿಗೆ ಪರದೆಯನ್ನು ಶಿಫಾರಸು ಮಾಡುವುದಿಲ್ಲ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ಪರದೆ ನೋಡುತ್ತ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದೂ ನಿಧಾನ. ಆದರೂ ತಾಯಿ ತಂದೆಯರ ಊಟ ಮುಗಿಯಲೆಂದು ಹತ್ತು ನಿಮಿಷ ಕೊಟ್ಟವರನ್ನು ನಾನು ಅಪರಾಧಿಗಳೆನ್ನುವುದಿಲ್ಲ. ನಾನೂ ಇಬ್ಬರು ಮಕ್ಕಳ ತಾಯಿ.

ಹರಿಹರದ ಹೊಳೆ ದಂಡೆ (ಸದ್ಯ ಸಿಂಗಪುರ)

ಸಿಂಗಪುರಕ್ಕೆ ಬಂದರೆ ಈ ಗೊಂದಲವೇ ಇಲ್ಲ. ಇಲ್ಲಿನ ಹಾಕರ್ ಸೆಂಟರುಗಳಲ್ಲಿ ಹತ್ತಾರು ಅಂಗಡಿಗಳು ಒಂದೇ ಸೂರಿನಡಿ ಇರುತ್ತವೆ, ತಿನಿಸು ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತದೆ, ಗದ್ದಲದಲ್ಲಿ ಮಗುವಿನ ಅಳು ಕೇಳುವುದೇ ಇಲ್ಲ. ಈ ಹಾಕರ್ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ತಿಂದಾದ ಮೇಲೆ ತಟ್ಟೆಯನ್ನು ತಾವೇ ಒಯ್ದು ನಿಗದಿತ ಜಾಗದಲ್ಲಿಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ. ನನ್ನ ಐದು ವರ್ಷದ ಮಗನಿಗೆ ತಟ್ಟೆ ಒಯ್ಯುವುದೇ ಊಟದಲ್ಲಿ ಬಹಳ ಇಷ್ಟವಾದ ಭಾಗ.

ಕೆ.ಬಿ. ಬಡಾವಣೆ (ದಾವಣಗೆರೆ, ಮೊದಲು ನ್ಯೂರೆಂಬರ್ಗ್)

ತಂಗೀ, ನಾನು ನೀನಿರುವ ಬವೇರಿಯಾ ರಾಜ್ಯದಲ್ಲೇ ಆರು ವರ್ಷ ಇದ್ದು ಹಿಂದಿರುಗಿದವಳು, ಆದ್ದರಿಂದ ನಿನಗೇ ನೇರವಾಗಿ ಬರೆಯುತ್ತೇನೆ. ಮೊದಲನೆಯದಾಗಿ, ಬಿಲ್ಲು ಬೇಗ ತಂದದ್ದನ್ನು ಅವಮಾನವೆಂದು ತಿಳಿಯಬೇಡ. ಅಲ್ಲಿ ಸಾಮಾನ್ಯವಾಗಿ ನಾವು ಕೇಳದೆ ಬಿಲ್ಲು ತರುವುದಿಲ್ಲ. ಆ ದಿನ ತಂದರೆಂದರೆ, ಮಕ್ಕಳೊಂದಿಗೆ ಇವರು ಇನ್ನೂ ಕಾಯುವುದು ಬೇಡವೆಂಬ ಕನಿಕರವೂ ಆಗಿರಬಹುದು. ಆ ಹಿರಿಯರು ಮೇಜು ಬದಲಿಸಿದ್ದಕ್ಕೆ ನಾನು ಸಮಾಧಾನ ಹೇಳಲಾರೆ. ಅದು ನೋಯುತ್ತದೆ, ನನಗೂ ಆಗಿದೆ.

ಎರಡನೆಯದಾಗಿ, 'ರೊಯ್ಬರ್‌ಟೆಲರ್' ಎಂದು ಕೇಳು. ದರೋಡೆಕೋರನ ತಟ್ಟೆ ಎಂದು ಅದರ ಅರ್ಥ. ಮಗುವಿಗೆ ಒಂದು ಖಾಲಿ ತಟ್ಟೆಯನ್ನೂ ಚಮಚವನ್ನೂ ಕೊಡುತ್ತಾರೆ, ಮಗು ದೊಡ್ಡವರ ತಟ್ಟೆಯಿಂದ 'ಕದ್ದು' ತಿನ್ನುತ್ತದೆ. ಎಷ್ಟೋ ಕಡೆ ಇದಕ್ಕೆ ಹಣವಿಲ್ಲ, ಮೆನುವಿನಲ್ಲೇ ಹಾಸ್ಯಕ್ಕೆ ಅಚ್ಚು ಹಾಕಿರುತ್ತಾರೆ. ನೀರಿಗೆ ಮಾತ್ರ ಹಣ ಕೊಡಬೇಕಾಗುತ್ತದೆ. ನಲ್ಲಿಯ ನೀರನ್ನು ಕೇಳಿದರೆ ಮುಖ ನೋಡುತ್ತಾರೆ.

ಮೂರನೆಯದು ಬಹಳ ಮುಖ್ಯವಾದುದು. ನೀನು ಬಿಯರ್‌ಗಾರ್ಟನ್‌ಗೆ ಹೋಗಿದ್ದೀಯಾ?

ವಿದ್ಯಾನಗರದ ಮಗಳು

ಇಲ್ಲ ಅಕ್ಕ. ಹೆಸರಿನಲ್ಲೇ ಬಿಯರ್ ಇದೆಯಲ್ಲ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಮಕ್ಕಳನ್ನು ಅಂಥ ಜಾಗಕ್ಕೆ ಕರೆದೊಯ್ದಿದ್ದೇವೆಂದು ತಿಳಿದರೆ ಅತ್ತೆಯವರು ವೀಸಾ ಹರಿದುಹಾಕುತ್ತಾರೆ.

ಕೆ.ಬಿ. ಬಡಾವಣೆ

ನಾನೂ ಮೊದಲ ಎರಡು ವರ್ಷ ಹೀಗೆಯೇ ತಿಳಿದು ದೂರ ಉಳಿದಿದ್ದೆ, ಆಮೇಲೆ ಪೇಚಾಡಿಕೊಂಡೆ. ಅದು ನಮ್ಮ ಬಾರ್ ಅಲ್ಲ. ದೊಡ್ಡ ದೊಡ್ಡ ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಉದ್ದನೆಯ ಬೆಂಚುಗಳನ್ನು ಹಾಕಿದ ತೋಟ. ಹಿಂದೆ ಬಿಯರನ್ನು ನೆಲಮಾಳಿಗೆಯಲ್ಲಿ ಇಡುತ್ತಿದ್ದರು, ಮೇಲಿನ ನೆಲ ತಂಪಾಗಿರಲೆಂದು ಆ ಮರಗಳನ್ನು ನೆಟ್ಟರು. 1812ರಲ್ಲಿ ಬವೇರಿಯಾದ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಹೊರಡಿಸಿದ ಆದೇಶದ ಪ್ರಕಾರ ಆ ನೆಲಮಾಳಿಗೆಯವರು ಬಿಯರನ್ನೂ ಬ್ರೆಡ್ಡನ್ನೂ ಮಾರಬಹುದಿತ್ತು, ಬೇರೆ ಊಟವನ್ನು ಮಾರುವಂತಿರಲಿಲ್ಲ. ಆದ್ದರಿಂದ ಜನ ಮನೆಯಿಂದಲೇ ಬುತ್ತಿ ತರತೊಡಗಿದರು. ಆ ರೂಢಿ ಇಂದಿಗೂ ಉಳಿದಿದೆ. ಸಾಂಪ್ರದಾಯಿಕ ಬಿಯರ್‌ಗಾರ್ಟನ್‌ಗಳಲ್ಲಿ ಮೇಜುವಸ್ತ್ರ ಹಾಸದ ಬೆಂಚುಗಳ ಮೇಲೆ ಕುಳಿತು ನಿನ್ನ ಮನೆಯ ಊಟವನ್ನು ನೀನು ಉಣ್ಣಬಹುದು, ಕುಡಿಯುವುದನ್ನು ಮಾತ್ರ ಅವರಲ್ಲಿ ಕೊಳ್ಳಬೇಕು. ಸೇಬಿನ ರಸ ಕೊಂಡರೂ ಸಾಕು.

ಚಪಾತಿ, ಎಣ್ಣೆಗಾಯಿ, ಮೊಸರನ್ನ ಕಟ್ಟಿಕೊಂಡು ಹೋಗಿ ನಾವು ಎಷ್ಟು ಭಾನುವಾರಗಳನ್ನು ಅಲ್ಲಿ ಕಳೆದೆವೋ ಲೆಕ್ಕವಿಲ್ಲ. ಹಲವು ಕಡೆ ಮಕ್ಕಳಿಗೆ ಜಾರುಬಂಡೆ, ಮರಳಿನ ಗುಂಡಿ ಇರುತ್ತವೆ. ಪಕ್ಕದಲ್ಲಿ ಕುಳಿತ ಜರ್ಮನ್ ಅಜ್ಜಿಯೊಬ್ಬರು ಎಣ್ಣೆಗಾಯಿಯನ್ನು ನೋಡಿ ಏನೆಂದು ಕೇಳಿ, ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತುತ್ತು ಕೇಳಿದರು. ರೆಸ್ಟೋರೆಂಟಿನಲ್ಲಿ ಮೇಜು ಬದಲಿಸುವವರೂ ಇಲ್ಲಿ ಬೆಂಚು ಹಂಚಿಕೊಳ್ಳುವವರೂ ಒಂದೇ ಊರಿನ ಜನ.

ಹಂಚಿನ ಮುಂದೆ

ಹೊರಗಿನ ಬುತ್ತಿ ತಂದು ನನ್ನ ಹೋಟೆಲಿನಲ್ಲಿ ಬಿಚ್ಚಿದರೆ ನಾನು ಸುಮ್ಮನಿರುತ್ತಿರಲಿಲ್ಲ. ದೊರೆಯ ಆದೇಶ ಇಲ್ಲಿಗೆ ಬಾರದಿರಲಿ!

ಹದಡಿ ರಸ್ತೆ (ದಾವಣಗೆರೆ)

ಊರಿನ ಹೋಟೆಲುಗಳನ್ನು ಹೊಗಳುತ್ತಿರುವವರು ಒಂದು ದಿನ ಎಂಟು ತಿಂಗಳ ಕೂಸನ್ನು ಕರೆದುಕೊಂಡು ಹೋಗಿ ನೋಡಬೇಕು. ಮಗುವಿನ ಕುರ್ಚಿ ಹೆಚ್ಚಿನ ಕಡೆ ಇಲ್ಲ. ಬಟ್ಟೆ ಬದಲಿಸಲು ಜಾಗವಿಲ್ಲ, ಕೈ ತೊಳೆಯುವ ತೊಟ್ಟಿ ಮಕ್ಕಳಿಗೆ ಎಟುಕುವುದಿಲ್ಲ. ನನ್ನ ಪತ್ನಿ ಹಾಲುಣಿಸಲು ಮೂರು ಸಲ ಕಾರಿಗೆ ಹೋಗಿ ಬರಬೇಕಾಯಿತು, ಅಷ್ಟರಲ್ಲಿ ದೋಸೆ ಆರಿ ಬೆಣ್ಣೆ ಗಟ್ಟಿಯಾಗಿತ್ತು. ಸಪ್ಲೈಯರ್ ಎತ್ತಿಕೊಳ್ಳುವುದು ಸಂತೋಷವೇ. ಆದರೆ ಅವನು ಎತ್ತಿಕೊಳ್ಳಬೇಕಾಗಿ ಬಂದದ್ದು ಕೂರಿಸಲು ಜಾಗವಿಲ್ಲದ್ದರಿಂದ.

ಹಂಚಿನ ಮುಂದೆ

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಎರಡು ಕುರ್ಚಿ ತರಿಸುವುದಕ್ಕೆ ಹೇಳಿದ್ದೇನೆ. ತೊಟ್ಟಿಯ ಮುಂದೆ ಒಂದು ಮಣೆ ಇಡಿಸುತ್ತೇನೆ.

ವಿದ್ಯಾನಗರದ ಮಗಳು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕೋಟೆ ನಾಡಿನವರ ಪದ್ಧತಿಯನ್ನು ಪರೀಕ್ಷಿಸಲು ಚಿತ್ರದುರ್ಗದ ಕೋಟೆ ನೋಡಿಕೊಂಡು ಬರುವಾಗ ಹೆದ್ದಾರಿಯ ಬದಿಯ, ಮೇಜುವಸ್ತ್ರ ಹಾಸುವಂಥ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಬೇಕೆಂದೇ ಹೋದೆವು. ಪತಿ ಒಳಗೆ ಕುಳಿತು ಆರ್ಡರ್ ಕೊಟ್ಟರು, ನಾನು ಮಕ್ಕಳಿಗೆ ಹೊರಗೆ ಲಾರಿಗಳನ್ನು ತೋರಿಸುತ್ತ ನಿಂತೆ. ಇಪ್ಪತ್ತೈದು ನಿಮಿಷದಲ್ಲಿ ಮಗ ಮೂವತ್ತೊಂದು ಲಾರಿ ಎಣಿಸಿದ (ಹದಿನೈದರ ನಂತರ ಅವನ ಎಣಿಕೆ ಅವನದೇ). ತಟ್ಟೆ ಬಂದ ಮೇಲೆ ಒಳಗೆ ಹೋದೆವು. ಇಪ್ಪತ್ತು ನಿಮಿಷ ಇಬ್ಬರೂ ಕುರ್ಚಿಯಿಂದ ಇಳಿಯಲಿಲ್ಲ. ಇಪ್ಪತ್ತೊಂದನೆಯ ನಿಮಿಷಕ್ಕೆ ಮಗಳು ಮೊಸರಿನ ಬಟ್ಟಲನ್ನು ತಲೆಯ ಮೇಲೆ ಹೊತ್ತುಕೊಂಡಳು, ನಾವು ಎದ್ದೆವು.

ಬಿಯರ್‌ಗಾರ್ಟನ್ ವಿಷಯವನ್ನು ಅತ್ತೆಯವರಿಗೆ ಬಿಡಿಸಿ ಹೇಳಿದೆ. ಹೆಸರು ಹೇಳದೆ, ಮರದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುವ ತೋಟ ಎಂದೆ. "ಅಂದ್ರೆ ವನಭೋಜನ" ಎಂದು ಒಪ್ಪಿಕೊಂಡರು. ಶೇಂಗಾ ಚಟ್ನಿಪುಡಿ ಎರಡು ಕಿಲೋ ಕಟ್ಟುತ್ತಿದ್ದಾರೆ. ಮಗುವಿಗೆ ಕೊಡಬಹುದೇ ವೈದ್ಯರೇ?

ಮಕ್ಕಳ ವೈದ್ಯೆ

ಶೇಂಗಾ ಮೊದಲೇ ತಿಂದು ಒಗ್ಗಿದ್ದರೆ ಕೊಡಬಹುದು. ನುಣ್ಣಗೆ ಕುಟ್ಟಿಸಿ, ಮಗುವಿನ ಪಾಲನ್ನು ಉಪ್ಪೂ ಖಾರವೂ ಹಾಕುವ ಮೊದಲೇ ಬೇರೆ ತೆಗೆದಿಡಿ. ಒಣ ಪುಡಿಯನ್ನು ಬಾಯಿಗೆ ಹಾಕದೆ ಮೊಸರಿನಲ್ಲಿ ಕಲಸಿ ಕೊಡಿ.

ಹೊಂಡದ ಸರ್ಕಲ್ ಅಜ್ಜಿ

ಎರಡು ಕಿಲೋ ಎಲ್ಲಿ ಸಾಲುತ್ತದಮ್ಮ, ಆ ಜರ್ಮನ್ ಅಜ್ಜಿಗೂ ಬೇಕಲ್ಲ.